ಚಿನ್ನದ ನೆರೆಯ ಕಲ್ಲು ಮಣ್ಣಾಗುವಾಗ

1802ರಲ್ಲಿ ಮೈಸೂರು ಸೀಮೆಯ ಪೂರ್ವ ಗಡಿಯನ್ನು ಅಳೆಯಲು ಬಂದಿದ್ದ ಬ್ರಿಟಿಷ್ ಸೇನಾಧಿಕಾರಿ ಲೆಫ್ಟಿನೆಂಟ್ ಜಾನ್ ವಾರೆನ್, ಕೋಲಾರದ ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಮುತ್ತಲ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ದಾಖಲಿಸಿದ. ಮುಂದೆ ಅದೇ ನೆಲದ ಅಡಿಯಲ್ಲಿ ಕೋಲಾರ ಚಿನ್ನದ ಗಣಿ (ಕೆಜಿಎಫ್) 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರುವರಿ 28ರಂದು ಬಾಗಿಲು ಹಾಕುವ ಹೊತ್ತಿಗೆ ಅಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಆ ಆಳದಲ್ಲಿ ಚಿನ್ನ ಇದ್ದದ್ದು ಗಟ್ಟಿ ಬೆಣಚುಕಲ್ಲಿನ ಒಳಗೆ. ಅದನ್ನು ಬಿಡಿಸಲು ಸಿಡಿಮದ್ದು ಬೇಕಾಯಿತು, ಕಲ್ಲು ಕುಟ್ಟುವ ಗಿರಣಿ ಬೇಕಾಯಿತು, ಸೈನೈಡ್ ಬೇಕಾಯಿತು. ಹಾಗಾದರೆ ವಾರೆನ್ ಕಂಡ ಹಳ್ಳಿಗರಿಗೆ ಬರೀ ನೀರು, ಬರೀ ಕೈಗಳಿಂದ ಅದೇ ಚಿನ್ನ ದಕ್ಕಿದ್ದು ಹೇಗೆ?

ಅವರಿಗಿಂತ ಲಕ್ಷಾಂತರ ವರ್ಷ ಮೊದಲೇ ಆ ಕಲ್ಲನ್ನು ಮಳೆನೀರು, ಗಾಳಿ ಮತ್ತು ಸೂಕ್ಷ್ಮಜೀವಿಗಳು ಬಿಡಿಸಿಟ್ಟಿದ್ದವು. ಪಠ್ಯಪುಸ್ತಕಗಳು ಇದನ್ನು ಶಿಲೆಯ ಶಿಥಿಲೀಕರಣ ಎನ್ನುತ್ತವೆ. ಶಿಥಿಲ ಎಂದರೆ ನಮಗೆ ಹಾಳಾದದ್ದು, ಕುಸಿದದ್ದು. ಆದರೆ ಚಿನ್ನದ ನಿಕ್ಷೇಪದ ಸುತ್ತ ನಡೆಯುವ ಶಿಥಿಲೀಕರಣದಲ್ಲಿ ಪ್ರತಿ ಖನಿಜವೂ ತನ್ನ ಸರದಿ ಬಂದಾಗ ಕರಗುತ್ತದೆ, ಇಲ್ಲವೇ ಬೇರೊಂದು ಖನಿಜವಾಗಿ ಮರುಹುಟ್ಟು ಪಡೆಯುತ್ತದೆ. ಆ ಕ್ರಮವನ್ನು ಬಲ್ಲವರಿಗೆ ಮಣ್ಣಿನ ಬಣ್ಣ ನೋಡಿಯೇ ಅಡಿಯಲ್ಲಿ ಏನಿತ್ತೆಂದು ಊಹಿಸಲು ಬರುತ್ತದೆ. ಇದೇ ಕ್ರಮವನ್ನು ಅರಿಯದೆ ಬಿಟ್ಟರೆ ಕುಡಿಯುವ ನೀರಿನಲ್ಲಿ ವಿಷ ಸೇರಿದ್ದು ಕೂಡ ತಿಳಿಯದೆ ಹೋಗುತ್ತದೆ. ಕರ್ನಾಟಕದ ಮಟ್ಟಿಗೆ ಇವೆರಡೂ ನಿಜವಾಗಿವೆ.

ಆಳದ ಕಲ್ಲಿಗೆ ಮೇಲಿನ ಗಾಳಿ ಆಗದು

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಗಣಿ ಇಂದಿಗೂ ನಡೆಯುತ್ತಿದೆ. ಅಲ್ಲಿ ಆಳದಿಂದ ತಂದ ತಾಜಾ ಅದಿರಿನ ತುಂಡೊಂದನ್ನು ಕೈಗೆತ್ತಿಕೊಂಡರೆ ಮೊದಲು ಕಾಣುವುದು ಚಿನ್ನವಲ್ಲ. ಕಪ್ಪು ಹಸಿರು ಬಣ್ಣದ ಹಾರ್ನ್‌ಬ್ಲೆಂಡ್, ಮಿನುಗುವ ಕಂದು ಅಭ್ರಕವಾದ ಬಯೊಟೈಟ್, ಹಸಿರು ಕ್ಲೋರೈಟ್, ಬಿಳಿ ಕ್ಯಾಲ್ಸೈಟ್ ಎಳೆಗಳು, ಬೂದು ಬೆಣಚುಕಲ್ಲು. ಇವುಗಳ ನಡುವೆ ಲೋಹದ ಹೊಳಪಿನ ಗಂಧಕದ ಖನಿಜಗಳು: ಹಿತ್ತಾಳೆ ಬಣ್ಣದ ಪೈರೈಟ್, ಕಂಚಿನ ಬಣ್ಣದ ಪಿರೋಟೈಟ್, ಬೆಳ್ಳಿಬಿಳುಪಿನ ಆರ್ಸೆನೊಪೈರೈಟ್. ಚಿನ್ನ ಇವುಗಳ ಬಿರುಕಿನಲ್ಲಿ, ಅಂಚಿನಲ್ಲಿ ಅಡಗಿರುತ್ತದೆ. ಎಷ್ಟೋ ನಿಕ್ಷೇಪಗಳಲ್ಲಿ ಅದು ಆರ್ಸೆನೊಪೈರೈಟ್ ಮತ್ತು ಪೈರೈಟಿನ ಹರಳಿನ ಒಳರಚನೆಯಲ್ಲೇ ಸೇರಿಹೋಗಿ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ.

ಈ ಖನಿಜಗಳು ಹುಟ್ಟಿದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ, ನೂರಾರು ಡಿಗ್ರಿ ಬಿಸಿಯಲ್ಲಿ, ಭಾರೀ ಒತ್ತಡದಲ್ಲಿ. ಅಲ್ಲಿ ಬಿಡಿ ಆಮ್ಲಜನಕ ಇರಲಿಲ್ಲ. ಮೇಲಿನ ಶಿಲೆಗಳು ಸವೆದು ಇವು ನೆಲದ ಹತ್ತಿರ ಬಂದಾಗ ಸನ್ನಿವೇಶವೇ ಬೇರೆ. ತಂಪು, ನೀರು, ಆಮ್ಲಜನಕ, ಇಂಗಾಲದ ಡೈ ಆಕ್ಸೈಡ್ ಕರಗಿದ ಮಳೆಹನಿ, ಗಿಡದ ಬೇರು. ಆಳಕ್ಕೆ ಒಗ್ಗಿದ್ದ ಖನಿಜ ಇಲ್ಲಿ ನೆಲೆ ನಿಲ್ಲಲಾರದು. ಅದು ಬಿಚ್ಚಿಕೊಂಡು, ಈ ಸನ್ನಿವೇಶಕ್ಕೆ ಹೊಂದುವ ಹೊಸ ಖನಿಜವಾಗುವವರೆಗೆ ಬದಲಾವಣೆ ನಿಲ್ಲುವುದಿಲ್ಲ.

ಯಾವುದು ಮೊದಲು, ಯಾವುದು ಕೊನೆಗೆ

ಗಂಧಕದ ಖನಿಜಗಳದ್ದೇ ಮೊದಲ ಸರದಿ. ಅವುಗಳಲ್ಲೂ ಪಿರೋಟೈಟ್ ಎಲ್ಲಕ್ಕಿಂತ ಮುಂದೆ. ಪೈರೈಟಿಗಿಂತ ಹತ್ತಾರು ಪಟ್ಟು ವೇಗವಾಗಿ ಅದು ಆಮ್ಲಜನಕಕ್ಕೆ ಸೋಲುತ್ತದೆ. ಆಮೇಲೆ ಆರ್ಸೆನೊಪೈರೈಟ್, ಪೈರೈಟ್. ಪೈರೈಟಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಗಂಧಕವೇ. ನೀರು ಮತ್ತು ಆಮ್ಲಜನಕ ತಾಗಿದಾಗ ಆ ಗಂಧಕ ಸಲ್ಫ್ಯೂರಿಕ್ ಆಮ್ಲವಾಗುತ್ತದೆ, ಕಬ್ಬಿಣ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಕಬ್ಬಿಣ ಮತ್ತೆ ಆಮ್ಲಜನಕದೊಡನೆ ಕೂಡಿ ಫೆರಿಕ್ ರೂಪಕ್ಕೆ ಬಂದರೆ, ಅದೇ ಮತ್ತಷ್ಟು ಪೈರೈಟನ್ನು ಒಡೆಯುತ್ತದೆ. ಹೀಗೆ ಒಮ್ಮೆ ಶುರುವಾದ ಕ್ರಿಯೆ ತನ್ನನ್ನು ತಾನೇ ಮುಂದಕ್ಕೆ ತಳ್ಳುತ್ತದೆ.

ಇದಕ್ಕೆ ವೇಗ ಕೊಡುವ ಜೀವಿಯೊಂದಿದೆ. ಅಸಿಡಿಥಯೊಬ್ಯಾಸಿಲಸ್ ಫೆರೊಆಕ್ಸಿಡನ್ಸ್ ಎಂಬ ಬ್ಯಾಕ್ಟೀರಿಯಾ ಕಬ್ಬಿಣವನ್ನು ಫೆರಿಕ್ ರೂಪಕ್ಕೆ ಬದಲಿಸಿ ಅದರಿಂದಲೇ ಬದುಕಿಗೆ ಬೇಕಾದ ಶಕ್ತಿ ಪಡೆಯುತ್ತದೆ. ನಾವು ಮುಟ್ಟಲಾಗದಷ್ಟು ಹುಳಿಯಾದ ನೀರು ಅದಕ್ಕೆ ಹಿತ. ಇಂಥ ಬ್ಯಾಕ್ಟೀರಿಯಾಗಳು ಈ ಹಂತದ ವೇಗವನ್ನು ಲಕ್ಷಾಂತರ ಪಟ್ಟು ಹೆಚ್ಚಿಸಬಲ್ಲವು ಎಂದು ಸಿಂಗರ್ ಮತ್ತು ಸ್ಟಮ್ ಎಂಬ ವಿಜ್ಞಾನಿಗಳು 1970ರಲ್ಲೇ ತೋರಿಸಿದರು. ಕಲ್ಲು ಮಣ್ಣಾಗುವುದರಲ್ಲಿ ಬಿಸಿಲು ಮಳೆಯಷ್ಟೇ ಪಾಲು ಜೀವಿಗಳದ್ದೂ ಇದೆ.

ಹುಟ್ಟಿದ ಆಮ್ಲವನ್ನು ಮೊದಲು ಎದುರಿಸುವುದು ಕ್ಯಾಲ್ಸೈಟಿನಂಥ ಕಾರ್ಬೊನೇಟ್ ಖನಿಜಗಳು. ಅವು ಕರಗಿ ಹೋಗುತ್ತಾ ಆಮ್ಲದ ಹುಳಿಯನ್ನು ತಗ್ಗಿಸುತ್ತವೆ. ಕಾರ್ಬೊನೇಟ್ ಸಾಕಷ್ಟಿದ್ದ ಕಡೆ ನೀರು ಹುಳಿಯಾಗದೆ ಉಳಿಯುತ್ತದೆ. ಕಡಿಮೆ ಇದ್ದ ಕಡೆ ಆಮ್ಲ ಮುಂದೆ ಸಾಗಿ ಫೆಲ್ಡ್‌ಸ್ಪಾರ್, ಹಾರ್ನ್‌ಬ್ಲೆಂಡ್‌ನಂಥ ಸಿಲಿಕೇಟ್ ಖನಿಜಗಳ ಮೇಲೆರಗುತ್ತದೆ. ಒಂದೇ ಪ್ರಮಾಣದ ಪೈರೈಟ್ ಇರುವ ಎರಡು ಊರುಗಳಲ್ಲಿ ಒಂದು ಕಡೆ ಬಾವಿನೀರು ಹುಳಿ, ಇನ್ನೊಂದು ಕಡೆ ಗಡಸು ಎಂದಾದರೆ ಈ ಲೆಕ್ಕಾಚಾರ ಅದಕ್ಕೆ ಒಂದು ಕಾರಣವಾಗಿರಬಹುದು.

ಸಿಲಿಕೇಟ್ ಖನಿಜಗಳ ಸರದಿ ನಿಧಾನದ್ದು, ಆದರೆ ಅದಕ್ಕೂ ಕ್ರಮವಿದೆ. ಅಮೆರಿಕದ ಭೂವಿಜ್ಞಾನಿ ಸ್ಯಾಮ್ಯುಯೆಲ್ ಗೋಲ್ಡಿಚ್ 1938ರಲ್ಲಿ ಅದನ್ನು ಗುರುತಿಸಿದರು: ಕಾದ ಶಿಲಾರಸದಲ್ಲಿ ಮೊದಲು ಹರಳಾದ ಖನಿಜಗಳೇ ನೆಲದ ಮೇಲೆ ಮೊದಲು ಅಳಿಯುತ್ತವೆ. ಹಾಗಾಗಿ ಹಾರ್ನ್‌ಬ್ಲೆಂಡ್ ಬೇಗ ಸೋಲುತ್ತದೆ, ಬೆಣಚು ಉಳಿಯುತ್ತದೆ. ಬಯೊಟೈಟ್ ತನ್ನ ಪದರಗಳ ನಡುವಿನ ಪೊಟ್ಯಾಸಿಯಂ ಬಿಟ್ಟುಕೊಟ್ಟು ನೀರು ತುಂಬಿಕೊಂಡು ಉಬ್ಬುತ್ತದೆ. ಆ ಉಬ್ಬುವಿಕೆಯೇ ಸುತ್ತಲಿನ ಕಲ್ಲನ್ನು ಸಡಿಲಿಸುತ್ತದೆ. ಫೆಲ್ಡ್‌ಸ್ಪಾರ್ ತನ್ನಲ್ಲಿದ್ದ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳನ್ನು ನೀರಿಗೆ ಒಪ್ಪಿಸಿ ಕೆಯೋಲಿನೈಟ್ ಎಂಬ ಬಿಳಿ ಜೇಡಿಯಾಗುತ್ತದೆ. ಹಾರ್ನ್‌ಬ್ಲೆಂಡ್ ಮಳೆ ಹೆಚ್ಚಿರುವ ಕಡೆ ಜೇಡಿ ಮತ್ತು ಕಬ್ಬಿಣದ ಆಕ್ಸೈಡಾಗಿ ಕೆಂಪು ನೆಲವಾದರೆ, ಮಳೆ ಕಡಿಮೆಯಿದ್ದು ನೀರು ಇಂಗಿಹೋಗದ ತಗ್ಗುಗಳಲ್ಲಿ ಸ್ಮೆಕ್ಟೈಟ್ ಆಗುತ್ತದೆ. ಎರೆಹೊಲ ಬೇಸಿಗೆಯಲ್ಲಿ ಬಾಯಿಬಿಡುವುದು, ಮಳೆಗೆ ಅಂಟಾಗಿ ಊದಿಕೊಳ್ಳುವುದು ಈ ಸ್ಮೆಕ್ಟೈಟಿನ ಗುಣದಿಂದ. ಹೀಗೆ ಒಂದೇ ಶಿಲೆ ದಿಬ್ಬದಲ್ಲಿ ಮಸಾರಿಯಾಗಿ, ತಗ್ಗಿನಲ್ಲಿ ಎರೆಯಾಗಿ ಎರಡು ರೂಪ ತಾಳಬಲ್ಲದು.

ಇಷ್ಟೆಲ್ಲ ನಡೆದರೂ ಕದಲದವು ಕೆಲವಿವೆ. ಬೆಣಚು, ಬಿಳಿ ಅಭ್ರಕ, ಟೂರ್ಮಲಿನ್, ಜಿರ್ಕಾನ್, ರೂಟೈಲ್. ಚಿನ್ನದ ಎಳೆಗಳ ಪಕ್ಕದಲ್ಲಿ ಕೆಲವೆಡೆ ಸಿಗುವ, ಕ್ರೋಮಿಯಂ ಬೆರೆತ ಪಚ್ಚೆ ಬಣ್ಣದ ಫ್ಯುಕ್ಸೈಟ್ ಅಭ್ರಕವೂ ಹೊಲದ ಮಣ್ಣಿನಲ್ಲಿ ಚೂರಾಗಿ ಉಳಿದಿರುತ್ತದೆ. ಉಳಿದ ಕಲ್ಲೆಲ್ಲ ಕರಗಿ ಜೇಡಿಯಾದ ಮೇಲೂ ಬೆಣಚಿನ ಎಳೆ ಮಾತ್ರ ಸಾಲಾಗಿ ಎದ್ದು ನಿಲ್ಲುತ್ತದೆ. ಪ್ರಾಚೀನರು ಚಿನ್ನ ಹುಡುಕುತ್ತಾ ಇಂಥ ಬಿಳಿ ಸಾಲುಗಳನ್ನು ಹಿಂಬಾಲಿಸಿದ್ದಕ್ಕೆ ಕಾರಣವಿತ್ತು.

ಕೈಯಲ್ಲೊಂದು ಗೊಸಾನ್ ತುಂಡು

ಗಂಧಕದ ಖನಿಜಗಳು ದಟ್ಟವಾಗಿದ್ದ ಕಡೆ, ಅವು ಅಳಿದ ಮೇಲೆ ನೆಲದ ಮೇಲೆ ಕಬ್ಬಿಣದ ತೊಗಟೆಯೊಂದು ಉಳಿಯುತ್ತದೆ. ಭೂವಿಜ್ಞಾನಿಗಳು ಅದನ್ನು ಗೊಸಾನ್ ಎನ್ನುತ್ತಾರೆ. ಒಂದು ತುಂಡನ್ನು ಎತ್ತಿ ನೋಡಿ. ಗಾತ್ರಕ್ಕೆ ಹೋಲಿಸಿದರೆ ಹಗುರ. ಒಡೆದ ಮುಖದಲ್ಲಿ ಜೇನು ತೆಗೆದ ಹುಟ್ಟಿನ ಹಾಗೆ ಖಾಲಿ ಕೋಣೆಗಳು, ನಡುವೆ ತೆಳುವಾದ ಗಟ್ಟಿ ಗೋಡೆಗಳು. ಪ್ರತಿ ಕೋಣೆಯಲ್ಲೂ ಒಂದು ಕಾಲಕ್ಕೆ ಗಂಧಕದ ಖನಿಜದ ಹರಳಿತ್ತು. ಬಿರುಕುಗಳಲ್ಲಿ ಕಬ್ಬಿಣ ಮತ್ತು ಸಿಲಿಕಾ ಶೇಖರವಾಗಿ ಗೋಡೆಯಾದವು, ಹರಳು ಕರಗಿ ಹೋಯಿತು, ಅದರ ಆಕಾರ ಉಳಿಯಿತು. ಚೌಕಾಕಾರದ ಕೋಣೆಗಳಿದ್ದರೆ ಅಲ್ಲಿದ್ದದ್ದು ಬಹುತೇಕ ಪೈರೈಟ್.

ಬಣ್ಣಗಳು ಇನ್ನಷ್ಟು ಹೇಳುತ್ತವೆ. ಕಂದು ಹಳದಿ ಗೋಥೈಟ್ ನೀರು ಬೆರೆತ ಕಬ್ಬಿಣದ ಆಕ್ಸೈಡ್. ಅದು ನೀರು ಕಳೆದುಕೊಂಡರೆ ಕೆಂಪು ಹೆಮಟೈಟ್. ನಿಂಬೆ ಹಳದಿಯ ಪುಡಿ ಕಂಡರೆ ಅದು ಜರೊಸೈಟ್ ಇರಬಹುದು. ಈ ಖನಿಜ ಹುಟ್ಟುವುದು ಬಹಳ ಹುಳಿಯಾದ ನೀರಿನಲ್ಲಿ ಮಾತ್ರ. ಹಾಗಾಗಿ ಅದನ್ನು ಕಂಡರೆ ಅಲ್ಲೊಮ್ಮೆ ಆಮ್ಲ ಹರಿದಿತ್ತು ಎನ್ನಬಹುದು. ತಾಮ್ರದ ಚಾಲ್ಕೊಪೈರೈಟ್ ಇದ್ದಲ್ಲಿ ಹಸಿರು ಮಲಕೈಟಿನ ಕಲೆ. ಮಾಸಲು ಬೂದುಹಸಿರಿನ ಲೇಪವಿದ್ದರೆ ಅದು ಸ್ಕೊರೊಡೈಟ್ ಆಗಿರಬಹುದು, ಅಂದರೆ ಆರ್ಸೆನೊಪೈರೈಟ್ ಅಳಿದು ಹುಟ್ಟಿದ ಕಬ್ಬಿಣ ಮತ್ತು ಆರ್ಸೆನಿಕ್‌ನ ಖನಿಜ. ಚಿನ್ನ ಹುಡುಕುವವರು ಈ ಲೇಪವನ್ನು ಕಂಡರೆ ಅಲ್ಲೇ ನಿಂತು ಬಿಡುತ್ತಾರೆ. ಚಿನ್ನದ ಪ್ರಮಾಣ ಮಣ್ಣಿನಲ್ಲಿ ಅತಿ ಕಡಿಮೆ, ಹರಡಿದ್ದೂ ಒಂದೇ ಸಮನಲ್ಲ. ಒಂದು ಹಿಡಿ ಮಣ್ಣಿನಲ್ಲಿ ಕಣವೊಂದು ಸಿಕ್ಕೀತು, ಪಕ್ಕದ ಹಿಡಿಯಲ್ಲಿ ಏನೂ ಇಲ್ಲದೆ ಹೋದೀತು. ಆರ್ಸೆನಿಕ್ ಹಾಗಲ್ಲ. ಅದು ಗೋಥೈಟಿಗೆ ಅಂಟಿಕೊಂಡು ಅಗಲವಾಗಿ ಹರಡಿರುತ್ತದೆ. ಆದ್ದರಿಂದ ಪ್ರಪಂಚದ ಎಷ್ಟೋ ಕಡೆ ಚಿನ್ನದ ಶೋಧ ಎಂದರೆ ಮೊದಲಿಗೆ ಮಣ್ಣಿನಲ್ಲಿ ಆರ್ಸೆನಿಕ್‌ನ ಶೋಧ.

ಚಿನ್ನವೂ ನಿಂತಲ್ಲೇ ನಿಲ್ಲುವುದಿಲ್ಲ

ಚಿನ್ನಕ್ಕೆ ತುಕ್ಕಿಲ್ಲ, ಅದು ಕರಗದು ಎಂಬುದು ನಮ್ಮ ನಂಬಿಕೆ. ಆಭರಣದ ಮಟ್ಟಿಗೆ ಇದು ಸರಿ. ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಸರಿಯಲ್ಲ. ಕಾರ್ಬೊನೇಟ್ ಇರುವ ಕಡೆ ಪೈರೈಟ್ ಅಳಿಯುವಾಗ ನಡುವೆ ಥಯೊಸಲ್ಫೇಟ್ ಎಂಬ ಸಂಯುಕ್ತ ಹುಟ್ಟುತ್ತದೆ. ಅದು ಚಿನ್ನವನ್ನು ಹಿಡಿದು ನೀರಿನಲ್ಲಿ ಸಾಗಿಸಬಲ್ಲದು. ಅಂತರ್ಜಲ ಉಪ್ಪಾಗಿ ಹುಳಿಯಾಗಿರುವ ಪ್ರದೇಶಗಳಲ್ಲಿ ಆ ಕೆಲಸವನ್ನು ಕ್ಲೋರೈಡ್ ಮಾಡುತ್ತದೆ. ಕರಗಿದ ಚಿನ್ನ ಸ್ವಲ್ಪ ಕೆಳಗೆ ಅಥವಾ ಪಕ್ಕಕ್ಕೆ ಹೋಗಿ, ನೀರಿನ ಗುಣ ಬದಲಾದ ಕಡೆ ಮತ್ತೆ ಕೂಡಿಕೊಳ್ಳುತ್ತದೆ. ಆಳದ ಚಿನ್ನದಲ್ಲಿ ಸಾಮಾನ್ಯವಾಗಿ ಬೆಳ್ಳಿಯ ಬೆರಕೆ ಇರುತ್ತದೆ. ಹೀಗೆ ಕರಗಿ ಮತ್ತೆ ಕೂಡಿದ ಚಿನ್ನದಲ್ಲಿ ಬೆಳ್ಳಿ ಬಹುತೇಕ ಇಲ್ಲ. ಹಳೆಯ ಕಣಗಳ ಅಂಚಿನಲ್ಲಿಯೂ ಬೆಳ್ಳಿ ಕಳೆದುಹೋಗಿ ಅಪ್ಪಟ ಚಿನ್ನದ ತೆಳುಪದರ ಉಂಟಾಗಿರುತ್ತದೆ.

ಈ ವಿದ್ಯಮಾನವನ್ನು ಅತಿ ಹೆಚ್ಚು ಅಧ್ಯಯನ ಮಾಡಿದ್ದು ಪಶ್ಚಿಮ ಆಸ್ಟ್ರೇಲಿಯಾದ ಯಿಲ್ಗಾರ್ನ್ ಪ್ರದೇಶದಲ್ಲಿ. ಕರ್ನಾಟಕದ ಚಿನ್ನವಿರುವ ಧಾರವಾಡ ಶಿಲೆಗಳಷ್ಟೇ ಪುರಾತನವಾದ ಆ ನೆಲದಲ್ಲಿ ಶಿಥಿಲವಾದ ಪದರ ಎಷ್ಟೋ ಕಡೆ 50ರಿಂದ 100 ಮೀಟರ್ ದಪ್ಪ. ಮೇಲ್ಭಾಗದಲ್ಲಿ ಚಿನ್ನ ತೊಳೆದುಹೋಗಿ ಖಾಲಿಯಾದ ಪಟ್ಟಿ, ಅದರ ಕೆಳಗೆ ಚಿನ್ನ ಕೂಡಿಕೊಂಡ ಪಟ್ಟಿ ಸಿಗುತ್ತದೆ. 2013ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳು ಕಾಲ್ಗೂರ್ಲಿ ಬಳಿಯ ನೀಲಗಿರಿ ಮರಗಳ ಎಲೆಯಲ್ಲಿ ಚಿನ್ನದ ಅತಿ ಸೂಕ್ಷ್ಮ ಕಣಗಳನ್ನು ಗುರುತಿಸಿದರು. ಸುಮಾರು 30 ಮೀಟರ್ ಆಳಕ್ಕಿಳಿದ ಬೇರುಗಳು ನೀರಿನ ಜೊತೆ ಅದನ್ನು ಮೇಲಕ್ಕೆ ಎಳೆದುಕೊಂಡಿದ್ದವು. 2006ರಲ್ಲಿ ವಿಜ್ಞಾನಿ ಫ್ರಾಂಕ್ ರೀತ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಚಿನ್ನದ ಕಣಗಳ ಮೇಲೆ ಬ್ಯಾಕ್ಟೀರಿಯಾಗಳ ತೆಳುಪೊರೆ ಇರುವುದನ್ನು ತೋರಿಸಿದರು. ಕರಗಿದ ಚಿನ್ನ ಈ ಜೀವಿಗಳಿಗೆ ವಿಷ. ಅದನ್ನು ಲೋಹವಾಗಿಸಿ ಹೊರಗಿಟ್ಟು ಅವು ಬದುಕಿಕೊಳ್ಳುತ್ತವೆ. ಹಾಗೆಂದು ದೊಡ್ಡ ಚಿನ್ನದ ಗಟ್ಟಿಗಳೆಲ್ಲ ಮಣ್ಣಿನಲ್ಲಿ ಬೆಳೆದವು ಎನ್ನಲಾಗದು. ಅವುಗಳೊಳಗಿನ ಬೆಳ್ಳಿಯ ಪ್ರಮಾಣ ನೋಡಿದರೆ ಬಹುಪಾಲು ಆಳದಲ್ಲೇ ಹುಟ್ಟಿ, ಸುತ್ತಲಿನ ಕಲ್ಲು ಅಳಿದಾಗ ಹೊರಬಂದವು.

ಪ್ರಾಚೀನರು ಓದಿಕೊಂಡ ನೆಲ

ಈಗ ವಾರೆನ್ ಕಂಡ ದೃಶ್ಯದ ಅರ್ಥ ಸ್ಪಷ್ಟವಾಗುತ್ತದೆ. ಗಂಧಕದ ಖನಿಜ ಅಳಿದಾಗ ಅದರೊಳಗೆ ಸೆರೆಯಾಗಿದ್ದ ಚಿನ್ನ ಬಿಡುಗಡೆಯಾಯಿತು. ಸುತ್ತಲಿನ ಫೆಲ್ಡ್‌ಸ್ಪಾರ್, ಹಾರ್ನ್‌ಬ್ಲೆಂಡ್ ಜೇಡಿಯಾಗಿ ನೀರಿನಲ್ಲಿ ತೇಲಿಹೋಗುವಷ್ಟು ಸಣ್ಣ ಕಣಗಳಾದವು. ಮರದ ಮರಿಗೆಯಲ್ಲಿ ಮಣ್ಣು ಹಾಕಿ ನೀರಿನಲ್ಲಿ ಆಡಿಸಿದರೆ ಜೇಡಿ ಮೊದಲು ಹೋಗುತ್ತದೆ, ಬೆಣಚಿನ ಮರಳು ಆಮೇಲೆ. ಕೊನೆಗೆ ಮ್ಯಾಗ್ನೆಟೈಟ್, ಇಲ್ಮೆನೈಟ್‌ಗಳ ಕಪ್ಪು ಮರಳು ಉಳಿದು ಅದರ ಅಂಚಿನಲ್ಲಿ ಚಿನ್ನದ ಕಣ ಕಾಣಿಸುತ್ತದೆ. ಗದಗ ಜಿಲ್ಲೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಇದೇ ಕೆಲಸ ಮಾಡುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡೋಣಿ, ಸೊರಟೂರು ಭಾಗದ ಚಿನ್ನದ ಬಗ್ಗೆ ಬರೆದಾಗ ಅವರನ್ನೂ ಉಲ್ಲೇಖಿಸಿದ. ಮಳೆಗಾಲದ ಪ್ರವಾಹ ಇಳಿದ ಮೇಲೆ ಹಳ್ಳದ ಯಾವ ತಿರುವಿನಲ್ಲಿ ತೂಕದ ಮರಳು ನಿಲ್ಲುತ್ತದೆಂದು ತಿಳಿಯದೆ ಈ ಕಸುಬು ನಡೆಯದು. ಭೂವಿಜ್ಞಾನ ಇಲಾಖೆಗಳು ಹುಟ್ಟುವ ಮುನ್ನವೇ ಅವರ ಕೈಯಲ್ಲಿದ್ದ ವಿದ್ಯೆ ಅದು.

ಹಟ್ಟಿಯಲ್ಲಿ ಪ್ರಾಚೀನರು ಇನ್ನೂ ಮುಂದೆ ಹೋದರು. ಮೇಲಿನ ಮೆತ್ತನೆಯ ಪದರ ಮುಗಿದ ಮೇಲೂ ಬೆಣಚಿನ ಎಳೆಯನ್ನು ಬಿಡದೆ, ಬೆಂಕಿ ಹಚ್ಚಿ ಕಲ್ಲನ್ನು ಕಾಯಿಸಿ ಸೀಳುತ್ತಾ ನೂರಾರು ಅಡಿ ಆಳಕ್ಕಿಳಿದರು. ಅಲ್ಲಿ ಸಿಕ್ಕ ಮರದ ತುಂಡುಗಳ ಕಾಲವನ್ನು ಅಳೆದಾಗ ಸುಮಾರು 2,000 ವರ್ಷ ಹಿಂದಿನದೆಂದು ಗೊತ್ತಾಯಿತು. ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನ ಹಟ್ಟಿಯ ಚಿನ್ನವಿರುವ ಇದೇ ಶಿಲಾಪಟ್ಟಿಯಲ್ಲಿದೆ. 1915ರಲ್ಲಿ ಅದನ್ನು ಪತ್ತೆ ಮಾಡಿದ ಸಿ. ಬೀಡನ್ ಚಿನ್ನದ ಗಣಿಯ ಎಂಜಿನಿಯರ್. ಮೌರ್ಯ ಸಾಮ್ರಾಜ್ಯ ಇಷ್ಟು ದಕ್ಷಿಣಕ್ಕೆ ಬಂದದ್ದಕ್ಕೆ ಚಿನ್ನವೂ ಒಂದು ಕಾರಣವಿರಬೇಕೆಂದು ಹಲವು ಇತಿಹಾಸಕಾರರು ಭಾವಿಸುತ್ತಾರೆ.

ಅದೇ ಕ್ರಿಯೆಯ ಇನ್ನೊಂದು ಮುಖ

ಆರ್ಸೆನೊಪೈರೈಟಿನ ತೂಕದಲ್ಲಿ ಶೇ 46ರಷ್ಟು ಆರ್ಸೆನಿಕ್. ಅದು ಅಳಿದಾಗ ಚಿನ್ನವೊಂದೇ ಹೊರಬರುವುದಿಲ್ಲ. ನೀರು ತುಸು ಹುಳಿಯಾಗಿರುವವರೆಗೆ ಸ್ಕೊರೊಡೈಟ್ ಆರ್ಸೆನಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಹುಳಿ ಕಡಿಮೆಯಾದಂತೆ ಸ್ಕೊರೊಡೈಟ್ ಒಡೆಯುತ್ತದೆ. ಆಗ ಗೋಥೈಟ್ ಆ ಭಾರ ಹೊರುತ್ತದೆ. ನೀರು ಕ್ಷಾರವಾಗುತ್ತಾ ಹೋದರೆ ಗೋಥೈಟಿನ ಹಿಡಿತವೂ ಸಡಿಲುತ್ತದೆ. ಕ್ಯಾಲ್ಸೈಟ್ ಆಮ್ಲವನ್ನು ತಣಿಸಿದ್ದು ಒಳ್ಳೆಯದೇ, ಆದರೆ ಅದರಿಂದ ಆರ್ಸೆನಿಕ್‌ಗೆ ದಾರಿ ತೆರೆದಂತಾಗಬಹುದು. ಒಣಸೀಮೆಯ ಕೊಳವೆಬಾವಿಗಳ ನೀರು ಬಹಳ ಕಡೆ ಕ್ಷಾರವೇ. ಜೊತೆಗೆ ಅಂತರ್ಜಲ ಕುಸಿದಂತೆಲ್ಲ ಅದುವರೆಗೆ ನೀರಿನಡಿ ಮುಳುಗಿ ಸುರಕ್ಷಿತವಾಗಿದ್ದ ತಾಜಾ ಖನಿಜಗಳಿಗೂ ಗಾಳಿ ತಾಗುತ್ತದೆ. ಶಿಥಿಲೀಕರಣಕ್ಕೆ ಸಾವಿರಾರು ವರ್ಷ ಬೇಕಾಗಿದ್ದ ಆಳವನ್ನು ನಾವು ಪಂಪ್ ಹಾಕಿ ಕೆಲವೇ ದಶಕಗಳಲ್ಲಿ ತೆರೆದಿಡುತ್ತಿದ್ದೇವೆ.

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಮಂಗಳೂರು ಎಂಬ ಹಳ್ಳಿಯ ಹೆಸರು ಹೊತ್ತ ಚಿನ್ನದ ಶಿಲಾಪಟ್ಟಿಯೊಂದಿದೆ. ಅಲ್ಲಿನ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ಅಪಾಯದ ಮಟ್ಟದ ಆರ್ಸೆನಿಕ್ ಪತ್ತೆಯಾಯಿತು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 10 ಮೈಕ್ರೊಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ವರ್ಷಗಟ್ಟಲೆ ಅದನ್ನು ಮೀರಿದ ನೀರು ಕುಡಿದ ಜನರ ಅಂಗೈ ಅಂಗಾಲುಗಳಲ್ಲಿ ಗಂಟುಗಳೆದ್ದವು, ಚರ್ಮದ ಮೇಲೆ ಕಲೆಗಳಾದವು. ಇಲ್ಲಿನ ಆರ್ಸೆನಿಕ್‌ಗೆ ನೆಲದಡಿಯ ಶಿಲೆಯೇ ಮೂಲ ಎಂಬುದು ಅಧ್ಯಯನ ಮಾಡಿದವರ ಅಭಿಪ್ರಾಯ. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ವ್ಯತ್ಯಾಸವಿಲ್ಲ. ಪರೀಕ್ಷೆ ಮಾಡದೆ ತಿಳಿಯುವ ದಾರಿಯೇ ಇಲ್ಲ.

ಕೆಜಿಎಫ್‌ನ ಸೈನೈಡ್ ದಿಬ್ಬಗಳಲ್ಲೂ, ಅಂದರೆ ಚಿನ್ನ ತೆಗೆದು ಬಿಸಾಡಿದ ಕಲ್ಲುಪುಡಿಯ ರಾಶಿಗಳಲ್ಲೂ, ಶಿಥಿಲೀಕರಣವೇ ನಡೆದಿದೆ, ಅದೂ ಹೆಚ್ಚಿನ ವೇಗದಲ್ಲಿ. ಕಲ್ಲು ಗಣಿಯ ಗೋಡೆಯಾಗಿದ್ದಾಗ ಗಾಳಿ ನೀರು ತಾಗುತ್ತಿದ್ದದ್ದು ಅದರ ಹೊರಮೈಗೆ ಮಾತ್ರ. ಗಿರಣಿಯಲ್ಲಿ ಹಿಟ್ಟಾಗಿ ಹೊರಬಿದ್ದ ಮೇಲೆ ಪ್ರತಿ ಕಣದ ಸುತ್ತಲೂ ತಾಗುತ್ತದೆ. ಅಳಿಯಲು ಯುಗಗಳೇ ಬೇಕಿದ್ದ ಗಂಧಕದ ಖನಿಜ ಇಲ್ಲಿ ಕೆಲವೇ ದಶಕಗಳಲ್ಲಿ ಮುಗಿದುಹೋಗಬಲ್ಲದು. ಬೇಸಿಗೆಯ ಗಾಳಿಗೆ ದಿಬ್ಬದ ದೂಳು ಮನೆಗಳ ಮೇಲೆ ಬೀಳುತ್ತದೆ, ಮಳೆಗೆ ಮಣ್ಣು ಕೊಚ್ಚಿ ಕೆರೆಯತ್ತ ಹೋಗುತ್ತದೆ. ಈ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಮಾತು ವರ್ಷಗಳಿಂದ ನಡೆದಿದೆ. ಆ ಮಾತಿನಲ್ಲಿ ಚಿನ್ನದ ಲೆಕ್ಕದ ಜೊತೆಗೆ ಆಮ್ಲ, ಆರ್ಸೆನಿಕ್ ಮತ್ತು ದೂಳಿನ ಲೆಕ್ಕವೂ ಇರಲೇಬೇಕು.

ಎರಡು ಕೆಲಸಕ್ಕೂ ಒಂದೇ ನಕ್ಷೆ

ಕೋಲಾರ, ಹಟ್ಟಿ–ಮಸ್ಕಿ, ಗದಗ, ಮಂಗಳೂರು, ಚಿತ್ರದುರ್ಗ ಶಿಲಾಪಟ್ಟಿಗಳಲ್ಲಿ ಶತಮಾನಕ್ಕೂ ಮೀರಿ ಚಿನ್ನದ ಶೋಧ ನಡೆದಿದೆ. ಎಲ್ಲಿ ಆರ್ಸೆನೊಪೈರೈಟ್ ಇದೆ, ಎಲ್ಲಿ ಮಣ್ಣಿನಲ್ಲಿ ಆರ್ಸೆನಿಕ್ ಹೆಚ್ಚಿದೆ, ಎಲ್ಲಿ ಕಾರ್ಬೊನೇಟ್ ಇದೆ, ಶಿಥಿಲ ಪದರ ಎಷ್ಟು ದಪ್ಪ ಎಂಬುದೆಲ್ಲ ಶೋಧ ನಡೆಸುವವರು ದಾಖಲಿಸಿಕೊಳ್ಳುವ ವಿವರಗಳೇ. ಚಿನ್ನ ಹುಡುಕುವವರಿಗೆ ಭರವಸೆ ಕೊಡುವ ಗುರುತು ನೀರು ಕುಡಿಯುವವರಿಗೆ ಎಚ್ಚರಿಕೆಯ ಗುರುತು. ಆದರೆ ಚಿನ್ನದ ಶೋಧಕ್ಕೆಂದು ತಯಾರಾದ ಮಾಹಿತಿ, ಕೊಳವೆಬಾವಿ ಎಲ್ಲಿ ಕೊರೆಸಬೇಕೆಂದು ನಿರ್ಧರಿಸುವ ಗ್ರಾಮ ಪಂಚಾಯಿತಿಯ ಮೇಜಿಗೆ ತಾನಾಗಿ ಬರುವುದಿಲ್ಲ.

ಅದು ಬರುವಂತೆ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಚಿನ್ನದ ಪಟ್ಟಿಗಳ ಮೇಲಿರುವ ಊರು, ತಾಂಡಾಗಳಲ್ಲಿ ಹೊಸ ಕೊಳವೆಬಾವಿಯ ನೀರನ್ನು ಬಳಕೆಗೆ ಬಿಡುವ ಮೊದಲು ಆರ್ಸೆನಿಕ್ ಪರೀಕ್ಷೆ ಕಡ್ಡಾಯವಾಗಲಿ. ನೀರಿನ ಮಟ್ಟ ಕುಸಿದ ಬರಗಾಲದ ವರ್ಷಗಳಲ್ಲಿ ಹಳೆಯ ಬಾವಿಗಳ ಪರೀಕ್ಷೆ ಮತ್ತೊಮ್ಮೆ ನಡೆಯಲಿ. ಫಲಿತಾಂಶ ಊರಿನವರಿಗೆ ತಿಳಿಯುವ ಹಾಗೆ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಲಿ. ಶಾಲೆಯಲ್ಲಿ ಶಿಥಿಲೀಕರಣದ ಪಾಠ ಮಾಡುವ ಶಿಕ್ಷಕರು ಮಕ್ಕಳನ್ನು ಊರಿನ ಗರಸಿನ ಗುಂಡಿಗೆ ಕರೆದೊಯ್ದು ಕೆಂಪು, ಹಳದಿ, ಬಿಳಿ ಪದರಗಳನ್ನು ಕೈಯಿಂದ ಮುಟ್ಟಿಸಿ ತೋರಿಸಲಿ. ಈ ನೆಲದ ಜನ 2,000 ವರ್ಷಗಳ ಹಿಂದೆಯೇ ಚಿನ್ನಕ್ಕಾಗಿ ಮಣ್ಣನ್ನು ಓದಲು ಕಲಿತಿದ್ದರು. ಅದೇ ಓದನ್ನು ಈಗ ಕುಡಿಯುವ ನೀರಿಗಾಗಿ ಮುಂದುವರಿಸಬೇಕಾಗಿದೆ. ಅದಕ್ಕೆ ಬೇಕಾದ ವಿಜ್ಞಾನ ನಮ್ಮ ಕೈಯಲ್ಲಿದೆ, ಬೇಕಾದ ನಕ್ಷೆಯೂ ಬಹುಪಾಲು ಸಿದ್ಧವಿದೆ.